ಗೋಡೆಯ ಹೊರಮೈ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಗಾದೆಯಲ್ಲಿ 'ನೋಡು' ಎಂಬ ಮಾತು ಎರಡು ಸಲ ಬರುತ್ತದೆ. ಮಾಡಿದವನೇ ಅದರ ಕಷ್ಟಸುಖಗಳನ್ನು ಅನುಭವಿಸಿ ತಿಳಿಯಲಿ ಎಂಬುದು ಅದರ ಅರ್ಥ. ಈಚೆಗೆ ಆ ಮಾತಿಗೆ ಬೇರೊಂದು ಅರ್ಥ ಬಂದಂತೆ ನನಗೆ ತೋರುತ್ತದೆ. ಕಟ್ಟುವವನು ಒಬ್ಬ, ನೋಡುವವರು ಬೀದಿಯವರು. ನಮ್ಮ ಬಡಾವಣೆಯಲ್ಲಿ ಹೊಸ ಮನೆಯೊಂದು ಏಳುತ್ತಿದ್ದರೆ ಸಂಜೆಯ ವಾಯುಸೇವನೆಗೆ ಹೊರಟವರೆಲ್ಲ ಅದರ ಮುಂದೆ ಒಂದು ಗಳಿಗೆ ನಿಲ್ಲುತ್ತಾರೆ. "ಎಲಿವೇಷನ್ ಚೆನ್ನಾಗಿ ಬಂದಿದೆ" ಎನ್ನುತ್ತಾರೆ. ಇಲ್ಲವೆ "ಮುಂಭಾಗಕ್ಕೆ ಇನ್ನೂ ಸ್ವಲ್ಪ ಖರ್ಚು ಮಾಡಬೇಕಾಗಿತ್ತು" ಎನ್ನುತ್ತಾರೆ. ಮುಂದೆ ನಡೆಯುತ್ತಾರೆ. ಅವರು ಆ ಗೋಡೆಯನ್ನು ನೋಡಿದ್ದು ಎರಡು ನಿಮಿಷ. ಆ ಗೋಡೆಯ ಹಿಂದೆ ಒಂದು ಸಂಸಾರ ಮೂವತ್ತು ನಲವತ್ತು ವರ್ಷ ಬಾಳಬೇಕಾಗಿದೆ. ಆದರೂ ಗೋಡೆಯ ಹೊರಮೈಗೆ ಯಾವ ಬಣ್ಣ, ಯಾವ ಕಲ್ಲು, ಯಾವ ಹೊದಿಕೆ ಎಂಬುದನ್ನು ತೀರ್ಮಾನಿಸುವುದು ಆ ಎರಡು ನಿಮಿಷದವರ ಕಣ್ಣು.

ಇದು ಸರಿಯಲ್ಲ ಎಂಬುದೇ ನನ್ನ ವಾದ. ಗೋಡೆಯ ಹೊರಮೈ ಬೀದಿಗೆ ಸೇರಿದ್ದೆಂದು ನಾವು ತಿಳಿದಿದ್ದೇವೆ. ವಾಸ್ತವವಾಗಿ ಅದು ಮನೆಯ ಒಳಗಿನವರಿಗೆ ಸೇರಿದ್ದು. ಅವರು ಉಸಿರಾಡುವ ಗಾಳಿ, ರಾತ್ರಿಯ ನಿದ್ರೆ, ಕಪಾಟಿನಲ್ಲಿಟ್ಟ ಪುಸ್ತಕ, ಎಲ್ಲಕ್ಕೂ ಅದರೊಡನೆ ಸಂಬಂಧವಿದೆ.

ಈ ಮಾತನ್ನು ನಂಬುವ ಮೊದಲು ನೀವು ಒಂದು ಸಣ್ಣ ಪರೀಕ್ಷೆಯನ್ನು ಮಾಡಿ ನೋಡಬಹುದು. ಬೇಸಿಗೆಯ ಒಂದು ಸಂಜೆ, ಸೂರ್ಯ ಮುಳುಗಿದ ಒಂದು ಗಂಟೆಯ ಮೇಲೆ, ನಿಮ್ಮ ಮನೆಯ ಪಡುವಣ ಗೋಡೆಗೆ ಒಳಗಿನಿಂದ ಅಂಗೈಯನ್ನು ಒತ್ತಿ ಹಿಡಿಯಿರಿ. ಆ ಮೇಲೆ ಮೂಡಣ ಗೋಡೆಗೆ ಒತ್ತಿ ಹಿಡಿಯಿರಿ. ಆಗ ಹೊರಗೆ ತಂಗಾಳಿ ಬೀಸುತ್ತಿರಬಹುದು. ಆದರೆ ಪಡುವಣ ಗೋಡೆ ಜ್ವರ ಬಂದವರ ಹಣೆಯಂತೆ ಬೆಚ್ಚಗಿರುತ್ತದೆ. ಮಧ್ಯಾಹ್ನದ ಬಿಸಿಲು ಹೊರಮೈಯ ಮೇಲೆ ಬಿದ್ದು, ಗೋಡೆಯ ದಪ್ಪವನ್ನು ಮೆಲ್ಲಮೆಲ್ಲನೆ ದಾಟಿ, ಈಗ ಒಳಗೆ ಬಂದು ಸೇರಿದೆ. ಗೋಡೆ ಬಿಸಿಲನ್ನು ತಡೆಯುತ್ತದೆ ಎಂದು ನಾವು ಹೇಳುವುದು ಅರ್ಧ ಸತ್ಯ. ಅದು ಬಿಸಿಲನ್ನು ತಡವಾಗಿಯೂ ತಲುಪಿಸುತ್ತದೆ. ಎಷ್ಟು ತಡವಾಗಿ ಎಂಬುದರಲ್ಲಿ ಹಳೆಯ ಮನೆ ಕಟ್ಟುವವರ ಜಾಣತನವೆಲ್ಲ ಅಡಗಿತ್ತು.

ಕಲಬುರಗಿ, ರಾಯಚೂರು, ವಿಜಯಪುರದ ಸೀಮೆಯಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ಸೆಲ್ಸಿಯಸ್ಸನ್ನು ಸುಲಭವಾಗಿ ದಾಟುತ್ತದೆ. ಅಲ್ಲಿಯ ಹಳೆಯ ಮನೆಗಳ ಮಣ್ಣಿನ ಗೋಡೆ ಎರಡು ಅಡಿಗೆ ಕಡಿಮೆಯಿಲ್ಲ. ಮೇಲೆ ಮಣ್ಣಿನ ಮಾಳಿಗೆ, ಬೆಳಕಿಗೆ ಮಾಳಿಗೆಯಲ್ಲಿ ಒಂದು ಬೆಳಕಿಂಡಿ. ಹೊರಗೋಡೆಗೆ ಕಿಟಕಿಗಳೇ ಇಲ್ಲವೆನ್ನುವಷ್ಟು ಕಡಿಮೆ. ಹೊರಗಿನಿಂದ ನೋಡಿದವರಿಗೆ ಅದು ಮೊಂಡುಗೋಡೆ. ಆದರೆ ಅಷ್ಟು ದಪ್ಪದ ಮಣ್ಣನ್ನು ದಾಟಿ ಒಳಕ್ಕೆ ಬರಲು ಮಧ್ಯಾಹ್ನದ ಶಾಖಕ್ಕೆ ಹತ್ತು ಗಂಟೆಗೂ ಮಿಕ್ಕಿ ಹೊತ್ತು ಬೇಕು. ಅದು ಒಳಗೆ ಬಂದು ತಲುಪುವ ನಡುರಾತ್ರಿಯಲ್ಲಿ ಮನೆಯವರು ಒಳಗಿರುವುದಿಲ್ಲ. ಮಾಳಿಗೆಯ ಮೇಲೆ ಹಾಸಿಗೆ ಹಾಸಿ ನಕ್ಷತ್ರಗಳ ಕೆಳಗೆ ಮಲಗಿರುತ್ತಾರೆ. ಹಗಲು ಬಿಸಿಲು ಹೊರಗೆ, ಜನ ಒಳಗೆ. ಇರುಳು ಶಾಖ ಒಳಗೆ, ಜನ ಹೊರಗೆ. ಬಾಳುವ ರೀತಿಗೂ ಗೋಡೆಯ ದಪ್ಪಕ್ಕೂ ಹೀಗೆ ಒಂದು ಒಪ್ಪಂದವಿತ್ತು. ಈಗ ಅದೇ ಸೀಮೆಯಲ್ಲಿ ಆರು ಅಂಗುಲದ ಕಾಂಕ್ರೀಟು ಇಟ್ಟಿಗೆಯ ಗೋಡೆಯನ್ನು ಎಬ್ಬಿಸಿ, ಹೊರಗೆ ಕಡುಬಣ್ಣವನ್ನು ಬಳಿಯುತ್ತಾರೆ. ಕಡುಬಣ್ಣ ಬಿಸಿಲನ್ನು ಹೀರುತ್ತದೆ, ಬಿಳಿಯ ಬಣ್ಣ ಹಿಂದಕ್ಕೆ ತಳ್ಳುತ್ತದೆ ಎಂಬುದನ್ನು ವಿಜ್ಞಾನದ ಪಾಠದಲ್ಲಿ ಓದಿದವರೇ ಬಣ್ಣದ ಅಂಗಡಿಯಲ್ಲಿ ಅದನ್ನು ಮರೆಯುತ್ತಾರೆ. ಆ ತೆಳುಗೋಡೆಯನ್ನು ದಾಟಲು ಶಾಖಕ್ಕೆ ನಾಲ್ಕೈದು ಗಂಟೆ ಸಾಕು. ಮಧ್ಯಾಹ್ನ ಮೂರರ ಬಿಸಿಲು ಊಟ ಮುಗಿಸಿ ಮಲಗುವ ಹೊತ್ತಿಗೆ ಸರಿಯಾಗಿ ಒಳಗೆ ಹಾಜರಾಗುತ್ತದೆ.

ಕರಾವಳಿಯ ಮಾತು ಬೇರೆ. ಅಲ್ಲಿ ಗೋಡೆಗೆ ಒದಗಿದ್ದು ಮುರಕಲ್ಲು. ಅದನ್ನೇ ಕೆಲವೆಡೆ ಚಿರೆಕಲ್ಲು ಎಂದೂ ಜಂಬಿಟ್ಟಿಗೆ ಎಂದೂ ಕರೆಯುತ್ತಾರೆ. ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ 1800 ಮತ್ತು 1801ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳಲ್ಲಿ ಸಂಚರಿಸಿದಾಗ ಈ ಕಲ್ಲನ್ನು ಮಲಬಾರಿನಲ್ಲಿ ಕಂಡು ಬೆರಗಾದ. ನೆಲದಲ್ಲಿರುವಾಗ ಹಾರೆಗೂ ಕೊಡಲಿಗೂ ಸಿಗುವಷ್ಟು ಮೆತ್ತಗಿದ್ದು, ಕಡಿದು ಹೊರಗಿಟ್ಟ ಮೇಲೆ ಗಾಳಿಗೆ ಗಟ್ಟಿಯಾಗುವ ಕಲ್ಲು ಅದು. ಇಟ್ಟಿಗೆ ಎಂಬ ಅರ್ಥವುಳ್ಳ ಲ್ಯಾಟಿನ್ ಮಾತಿನಿಂದ ಅವನು ಅದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. ಮೈತುಂಬ ಸಣ್ಣ ಸಣ್ಣ ತೂತುಗಳಿರುವ ಈ ಕಲ್ಲು ಮಳೆಗಾಲದಲ್ಲಿ ನೀರು ಕುಡಿಯುತ್ತದೆ, ಬಿಸಿಲು ಬಂದಾಗ ಬಿಟ್ಟುಕೊಡುತ್ತದೆ. ಅದರ ಮೇಲೆ ಎರಚಲು ಬೀಳದಂತೆ ಹೆಂಚಿನ ಮಾಡನ್ನು ಗೋಡೆಯಿಂದ ಮೂರು ನಾಲ್ಕು ಅಡಿ ಹೊರಕ್ಕೆ ಚಾಚುತ್ತಿದ್ದರು. ಗೋಡೆಗೆ ಒಂದು ಕೊಡೆ ಹಿಡಿದಂತೆ ಅದು.

ಈ ಎಲ್ಲ ತಿಳಿವಳಿಕೆ ನನಗೆ ಪುಸ್ತಕದಿಂದ ಬಂದದ್ದಲ್ಲ. ಬಂದ ಬಗೆಯನ್ನು ಹೇಳಿಕೊಳ್ಳಲು ನನಗೆ ಈಗಲೂ ಸಂಕೋಚವಾಗುತ್ತದೆ.

ನನ್ನ ಹುಟ್ಟೂರು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆ ಅಲ್ಲಿಗೆ ದೂರವಲ್ಲ. ನಮ್ಮದು ಅಜ್ಜ ಕಟ್ಟಿಸಿದ ಮಣ್ಣಿನ ಗೋಡೆಯ ಮನೆ. ಗೋಡೆಗೆ ಮಣ್ಣಿನದೇ ಗಾರೆ, ಅದರ ಮೇಲೆ ಸುಣ್ಣ, ಬುಡದಲ್ಲಿ ಕೆಮ್ಮಣ್ಣಿನ ಪಟ್ಟಿ. ಪ್ರತಿ ವರ್ಷ ಮೃಗಶಿರಾ ಮಳೆ ಹಿಡಿಯುವ ಮುನ್ನ ಒಬ್ಬ ಮುದುಕ ಬಂದು ಪಡುವಣ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟಿಕೊಟ್ಟು ಹೋಗುತ್ತಿದ್ದ. ಬಿದಿರಿನ ಗಳುಗಳ ನಡುವೆ ಸೋಗೆಯನ್ನು ಒತ್ತೊತ್ತಾಗಿ ಸೇರಿಸಿ ಕಟ್ಟಿ, ಸೂರಿನಿಂದ ನೆಲದವರೆಗೆ ಓರೆಯಾಗಿ ನಿಲ್ಲಿಸಿದರೆ ಗೋಡೆಗೂ ತಟ್ಟಿಗೂ ನಡುವೆ ಒಂದು ಮೊಳದ ಸಂದು ಉಳಿಯುತ್ತಿತ್ತು. ಎರಚಲು ತಟ್ಟಿಗೆ ಬಡಿದು ಜಾರಿಹೋಗುವುದು; ಸಂದಿನಲ್ಲಿ ಗಾಳಿ ಆಡುವುದು. ನಾವು ಮಕ್ಕಳು ಆ ಕತ್ತಲೆಯ ಸಂದಿನಲ್ಲಿ ಕಣ್ಣುಮುಚ್ಚಾಲೆ ಆಡುತ್ತಿದ್ದೆವು. ದೀಪಾವಳಿಯ ಹೊತ್ತಿಗೆ ತಟ್ಟಿಯನ್ನು ಬಿಚ್ಚಿ ಸೋಗೆಯನ್ನು ಗೊಬ್ಬರದ ಗುಂಡಿಗೆ ಹಾಕುತ್ತಿದ್ದರು.

ನಾನು ಎಂ.ಎ. ಮುಗಿಸಿ ಪ್ರೌಢಶಾಲೆಯ ಅಧ್ಯಾಪಕನಾದ ಕೆಲವು ವರ್ಷಗಳ ಮೇಲೆ, 1988ರ ಮಳೆಗಾಲದಲ್ಲಿ, ಸಹೋದ್ಯೋಗಿಯೊಬ್ಬರು ನಮ್ಮ ಮನೆಗೆ ಬಂದರು. ದಣಪೆ ದಾಟಿದವರು ಅಂಗಳದಲ್ಲಿ ನಿಂತು, "ಮೇಷ್ಟ್ರೇ, ಇದು ಕೊಟ್ಟಿಗೆಯೋ ಮನೆಯೋ?" ಎಂದು ನಕ್ಕರು. ಅವರು ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ. ಒಳಗೆ ಬಂದು ಕುಳಿತು ಅಮ್ಮ ಕೊಟ್ಟ ಕಾಫಿಯನ್ನು ಸಂತೋಷವಾಗಿ ಕುಡಿದರು. ನನಗೆ ಮಾತ್ರ ಆ ನಗು ಮುಳ್ಳಿನಂತೆ ಉಳಿಯಿತು. ಮುಂದಿನ ಬೇಸಿಗೆಯಲ್ಲಿ ಸಾಲ ಮಾಡಿ ಪೇಟೆಯಿಂದ ಗಾರೆಯವರನ್ನು ಕರೆಸಿದೆ. ಮಣ್ಣಿನ ಗೋಡೆಯ ಹೊರಮೈಯನ್ನು ಕೆರೆಸಿ ಸಿಮೆಂಟಿನ ಗಾರೆ ಮೆತ್ತಿಸಿದೆ. ಅದರ ಮೇಲೆ ನೀರು ಹಿಡಿಯದೆಂದು ಅಂಗಡಿಯವನು ಭರವಸೆ ಕೊಟ್ಟ ಹಸುರು ಬಣ್ಣವನ್ನು ಎರಡು ಸಲ ಹೊಡೆಸಿದೆ. ತಟ್ಟಿ ಕಟ್ಟುವ ಮುದುಕ ವಾಡಿಕೆಯಂತೆ ಬಂದವನು ಗೋಡೆಯನ್ನು ನೋಡಿ ಸ್ವಲ್ಪ ಹೊತ್ತು ಸುಮ್ಮನೆ ನಿಂತ.

"ಒಳಗೆ ಹೋದ ನೀರು ಎಲ್ಲಿಂದ ಹೊರಗೆ ಬರಬೇಕು ಮೇಷ್ಟ್ರೇ?" ಎಂದು ಕೇಳಿದ.

"ಒಳಗೆ ಹೋದರೆ ತಾನೆ, ಹೊರಗೆ ಬರುವ ಮಾತು" ಎಂದೆ ನಾನು. ನನ್ನ ತರ್ಕದ ಹರಿತಕ್ಕೆ ನಾನೇ ಮೆಚ್ಚಿದೆ. ಅವನು ಹೆಗಲ ಮೇಲಿನ ಸೋಗೆಯ ಹೊರೆಯನ್ನು ಇಳಿಸದೆ ಹಾಗೆಯೇ ಹಿಂದಿರುಗಿದ.

ಮೊದಲ ಮಳೆಗಾಲ ಚೆನ್ನಾಗಿಯೇ ಕಳೆಯಿತು. ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಎರಡನೆಯ ವರ್ಷ ಗಾರೆಯಲ್ಲಿ ಕೂದಲೆಳೆಯಂಥ ಬಿರುಕುಗಳು ಕಾಣಿಸಿದುವು. ಮಣ್ಣಿನ ಗೋಡೆ ತೇವಕ್ಕೆ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಸಿಮೆಂಟು ಬಿಗಿ ಸ್ವಭಾವದ್ದು, ಅದರೊಡನೆ ಹಿಗ್ಗಿ ಕುಗ್ಗಲಾರದು. ಬಿರುಕಿನಲ್ಲಿ ಮಳೆಯ ನೀರು ಒಳಕ್ಕೆ ಇಳಿಯಿತು. ಬುಡದಿಂದ ನೆಲದ ತೇವವೂ ಏರುತ್ತಿತ್ತು. ಹಿಂದೆಯೂ ಅದು ಏರುತ್ತಿದ್ದುದೇ; ಆದರೆ ಮಣ್ಣಿನ ಗಾರೆ, ಸುಣ್ಣಗಳ ಮೂಲಕ ಹೊರಗಿನ ಗಾಳಿಗೆ ಆರಿಹೋಗುತ್ತಿತ್ತು. ಈಗ ಹೊರಬಾಗಿಲು ಮುಚ್ಚಿತ್ತು. ನೀರಿಗೆ ಉಳಿದ ದಾರಿ ಒಂದೇ, ಅದು ಮನೆಯ ಒಳಗಿನದು.

ಆ ಪಡುವಣ ಗೋಡೆಯ ಒಳಮಗ್ಗುಲಲ್ಲಿ ಇದ್ದದ್ದು ಅಮ್ಮನ ಕೋಣೆ. ಅವಳ ಮಂಚ ಗೋಡೆಗೆ ತಾಗಿ ಇರುತ್ತಿತ್ತು. ನಾನು ಶಾಲೆಯ ಊರಿನಿಂದ ತಿಂಗಳಿಗೊಮ್ಮೆ ಮನೆಗೆ ಹೋಗುತ್ತಿದ್ದೆ. ಒಂದು ಸಲ ಹೋದಾಗ ಮಂಚ ಗೋಡೆಯಿಂದ ಒಂದು ಗೇಣು ಈಚೆಗೆ ಬಂದಿತ್ತು. ಗುಡಿಸಲು ಅನುಕೂಲವೆಂದು ಜರುಗಿಸಿದ್ದಾಳೆ ಎಂದುಕೊಂಡೆ. ಮತ್ತೊಂದು ಸಲ ಹೋದಾಗ ಒಂದು ಮೊಳ ಈಚೆಗಿತ್ತು. 1991ರ ಆಶ್ಲೇಷಾ ಮಳೆಯ ಹೊತ್ತಿಗೆ ಮಂಚ ಆ ಕೋಣೆಯಲ್ಲೇ ಇರಲಿಲ್ಲ, ನಡುಮನೆಗೆ ಬಂದಿತ್ತು. ಕೋಣೆಯೊಳಗೆ ಕಾಲಿಟ್ಟೆ. ಹಸಿಮಣ್ಣಿನ, ಕೊಳೆತ ಬಟ್ಟೆಯ ವಾಸನೆ ಮೂಗಿಗೆ ಹೊಡೆಯಿತು. ಗೋಡೆಯ ಸುಣ್ಣ ಹಪ್ಪಳದಂತೆ ಎದ್ದು ಉದುರಿತ್ತು. ಎದೆಯೆತ್ತರದವರೆಗೂ ಕಪ್ಪು ಬೂಷ್ಟು. ಗೋಡೆಗೂಡಿನಲ್ಲಿ ಅಪ್ಪನ ಪುಸ್ತಕಗಳಿದ್ದುವು. ಅಪ್ಪ ಮಳೆಗಾಲದ ರಾತ್ರಿಗಳಲ್ಲಿ ರಾಗವಾಗಿ ಓದುತ್ತಿದ್ದ ಭಾರತದ ಪ್ರತಿಯನ್ನು ಕೈಗೆತ್ತಿಕೊಂಡೆ. ಹಾಳೆಗಳು ಒಂದಕ್ಕೊಂದು ಅಂಟಿ ಹಲಗೆಯಂತಾಗಿತ್ತು. ಬಿಡಿಸಲು ಹೋದರೆ ಅಕ್ಷರಗಳು ಎದುರು ಪುಟಕ್ಕೆ ಹತ್ತಿಕೊಂಡು ಬಂದುವು.

ಅಮ್ಮನಿಗೆ ಅದಕ್ಕೂ ಮೊದಲೇ ಕೆಮ್ಮು ಹಿಡಿದಿತ್ತು. ಆ ವರ್ಷ ಅದು ಉಬ್ಬಸಕ್ಕೆ ತಿರುಗಿತು. "ಇದೆಲ್ಲ ಯಾಕೆ ಹೇಳಲಿಲ್ಲ ಅಮ್ಮ?" ಎಂದು ಕೇಳಿದೆ. "ಅಷ್ಟು ಆಸೆಪಟ್ಟು ಮಾಡ್ಸಿದ್ದೀಯಲ್ಲ ಮಗಾ" ಎಂದಳು, ಅಷ್ಟೆ. ಗೋಡೆಯೊಂದೇ ಅದಕ್ಕೆ ಕಾರಣವೆಂದು ವೈದ್ಯರು ಹೇಳಲಿಲ್ಲ. ವಯಸ್ಸು, ಒಲೆಯ ಹೊಗೆ, ಮಲೆನಾಡಿನ ಶೀತ ಎಲ್ಲವನ್ನೂ ಹೇಳಿದರು. ಆದರೆ ತೇವದ ಮನೆಗೂ ಉಸಿರಿನ ರೋಗಕ್ಕೂ ಸಂಬಂಧವಿದೆಯೆಂಬುದು ಊಹೆಯ ಮಾತಲ್ಲ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಮನೆಯೊಳಗಿನ ತೇವ ಮತ್ತು ಬೂಷ್ಟನ್ನು ಕುರಿತು ಪ್ರಕಟಿಸಿದ ಮಾರ್ಗಸೂಚಿಯಲ್ಲಿ, ಇಂಥ ಮನೆಗಳಲ್ಲಿ ವಾಸಿಸುವವರಿಗೆ ಉಸಿರಾಟದ ತೊಂದರೆ, ಉಬ್ಬಸಗಳ ಅಪಾಯ ಹೆಚ್ಚೆಂದು ಸ್ಪಷ್ಟವಾಗಿ ಹೇಳಿದೆ. ನನಗೆ ಅದು ಹದಿನೆಂಟು ವರ್ಷ ತಡವಾಗಿ ಬಂತು.

1992ರ ಏಪ್ರಿಲಿನಲ್ಲಿ ಸಿಮೆಂಟನ್ನು ಕೀಳಿಸಿದೆ. ಮಳೆ ನಿಂತು ಐದಾರು ತಿಂಗಳಾಗಿತ್ತು, ಬಾವಿಯ ನೀರು ತಳ ಕಂಡಿತ್ತು. ಆದರೂ ಗಾರೆಯ ಹಿಂದಿನ ಮಣ್ಣು ಕೈಗೆ ನಾದಿದ ಹಿಟ್ಟಿನಂತೆ ಬಂತು. ಕೀಳಲು ಬಂದವನು ಆ ಮುದುಕನ ಮಗ. ತಂದೆ ಅಷ್ಟು ಹೊತ್ತಿಗೆ ತೀರಿಕೊಂಡಿದ್ದ. ನನ್ನ ತರ್ಕ ಎಲ್ಲಿ ತಪ್ಪಿತೆಂದು ಅವನ ಮುಂದೆ ಒಪ್ಪಿಕೊಳ್ಳುವ ಅವಕಾಶವೂ ನನಗೆ ದೊರೆಯಲಿಲ್ಲ. ಮತ್ತೆ ಮಣ್ಣಿನ ಗಾರೆ ಹಾಕಿಸಿ, ಸುಣ್ಣ ಬಳಿಸಿ, ಜೂನಿಗೆ ತಟ್ಟಿ ಕಟ್ಟಿಸಿದೆವು. ಎರಡು ಬೇಸಿಗೆ ಕಳೆದ ಮೇಲೆ ಕೋಣೆಯ ವಾಸನೆ ಹೋಯಿತು. ಅಮ್ಮ ತನ್ನ ಮಂಚವನ್ನು ಆ ಕೋಣೆಗೆ ಮರಳಿ ಹಾಕಿಸಿಕೊಂಡಳು. ಆದರೆ 2004ರಲ್ಲಿ ಅವಳು ತೀರಿಕೊಳ್ಳುವವರೆಗೂ ಅದು ಗೋಡೆಯಿಂದ ಒಂದು ಗೇಣು ದೂರವೇ ಇತ್ತು.

ಹೀಗೆ ಹೇಳಿದ ಮಾತ್ರಕ್ಕೆ ಗೋಡೆಯ ಹೊರಮೈ ಚೆಂದವಾಗಿರಕೂಡದು ಎಂದು ನಾನು ಹೇಳುತ್ತಿಲ್ಲ. ಚೆಲುವಿನ ಮೇಲೆ ಹಗೆ ಸಾಧಿಸುವವರನ್ನು ಕಂಡರೆ ನನಗೆ ಭಯ. ನಮ್ಮದೇ ಶಿವಮೊಗ್ಗ ಜಿಲ್ಲೆಯ ದೀವರ ಮನೆಗಳ ಚಿತ್ತಾರವನ್ನು ನೀವು ನೋಡಿರಬಹುದು. ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಅಕ್ಕಿಯ ಹಿಟ್ಟಿನ ಬಿಳಿಯಿಂದ, ಪುಂಡಿಯ ನಾರಿನ ಕುಂಚ ಹಿಡಿದು ಹೆಂಗಸರು ಬರೆಯುವ ಗೆರೆಗಳು ಎಷ್ಟು ಸಣ್ಣ, ಎಷ್ಟು ನೇರ! ಆ ಅಲಂಕಾರ ಗೋಡೆಯ ಉಸಿರನ್ನು ಕಟ್ಟುವುದಿಲ್ಲ, ಏಕೆಂದರೆ ಅದೂ ಮಣ್ಣಿನದೇ. ಸುಣ್ಣದ ಗೋಡೆಯದೂ ಇದೇ ಗುಣ. ಸುಣ್ಣ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮೆಲ್ಲಗೆ ಗಟ್ಟಿಯಾಗುತ್ತದೆ. ಗಟ್ಟಿಯಾದ ಮೇಲೂ ತೇವವನ್ನು ಹೊರಗೆ ಹೋಗಗೊಡುತ್ತದೆ. ಜೊತೆಗೆ ಬಿಳುಪಾದ್ದರಿಂದ ಬಿಸಿಲನ್ನೂ ಹಿಂದಕ್ಕೆ ಕಳುಹಿಸುತ್ತದೆ.

ಹಳೆಯದೆಲ್ಲ ಒಳ್ಳೆಯದೆಂದು ಹೇಳುವುದೂ ನನ್ನ ಉದ್ದೇಶವಲ್ಲ. ಮಣ್ಣಿನ ಗೋಡೆಯನ್ನು ವರ್ಷವರ್ಷವೂ ಸಾರಿಸುವವರು ಯಾರು? ಸೊಂಟ ನೋಯಿಸಿಕೊಂಡವರು ಮನೆಯ ಹೆಂಗಸರೇ ಹೊರತು ಮಣ್ಣಿನ ಮನೆಯನ್ನು ಹೊಗಳಿ ಲೇಖನ ಬರೆಯುವ ನಮ್ಮಂಥವರಲ್ಲ. ತಟ್ಟಿ ಕಟ್ಟಲು ಈಗ ಆಳೂ ಸಿಗುವುದಿಲ್ಲ, ಸೋಗೆಯೂ ಸಾಲದು. ಗೆದ್ದಲಿನ ಕಾಟ ಬೇರೆ. ಸಿಮೆಂಟನ್ನು ದೂಷಿಸುವುದೂ ಅವಿವೇಕ. ಇಟ್ಟಿಗೆಯ ಗೋಡೆಗೆ, ಕಾಂಕ್ರೀಟಿನ ಗೋಡೆಗೆ ಅದು ತಕ್ಕ ಗಾರೆಯೇ. ನಾನು ಮಾಡಿದ ತಪ್ಪು, ಯಾವ ಗೋಡೆಗೆ ಯಾವ ಹೊದಿಕೆ ಎಂದು ಕೇಳದೆ, ಯಾರ ಕಣ್ಣಿಗೆ ಯಾವ ಹೊದಿಕೆ ಎಂದು ಕೇಳಿದ್ದು.

ಈ ತಪ್ಪು ಈಗ ಹಳ್ಳಿಯಿಂದ ನಗರಕ್ಕೆ, ಒಂದು ಗೋಡೆಯಿಂದ ಹತ್ತು ಮಹಡಿಗಳಿಗೆ ಬೆಳೆದಿದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ತಂಪಾದ ಊರೆಂದು ಹೆಸರು ಪಡೆದದ್ದು. ಅಲ್ಲಿ ಬೀಸಣಿಗೆಯಿಲ್ಲದೆ ಬದುಕಿದ ತಲೆಮಾರುಗಳಿವೆ. ಅಂಥ ಊರಿನಲ್ಲಿ ಈಗ ನೆಲದಿಂದ ಆಕಾಶದವರೆಗೆ ಗಾಜು ಹೊದ್ದ ಕಟ್ಟಡಗಳು ನಿಂತಿವೆ. ಗಾಜು ಬಿಸಿಲಿನ ಬೆಳಕನ್ನು ಒಳಕ್ಕೆ ಬಿಡುತ್ತದೆ. ಒಳಗಿನ ನೆಲ, ಮೇಜು, ಗೋಡೆಗಳು ಕಾದು ಹೊರಸೂಸುವ ಶಾಖವನ್ನು ಮಾತ್ರ ಹೊರಗೆ ಬಿಡುವುದಿಲ್ಲ. ಬಿಸಿಲಿಗಾಗಿ ಹಂಬಲಿಸುವ ಚಳಿಯ ದೇಶಗಳಲ್ಲಿ ಅದೊಂದು ವರ. ಇಲ್ಲಿ ಅದನ್ನು ಹೊದಿಸಿ, ಒಳಗೆ ಸೇರಿದ ಶಾಖವನ್ನು ಹೊರಹಾಕಲು ಹವಾನಿಯಂತ್ರಣದ ಯಂತ್ರಗಳನ್ನು ಇಡುತ್ತಾರೆ. ಆ ಯಂತ್ರಗಳು ಒಳಗಿನ ಶಾಖವನ್ನು ಬೀದಿಗೆ ಚೆಲ್ಲುತ್ತವೆ, ಅಂದರೆ ನೆರೆಮನೆಯ ಗೋಡೆಗೆ. ಅಂಥ ಕಟ್ಟಡಗಳನ್ನು ಕಟ್ಟುವ ಕೂಲಿಗಾರರ ಬಿಡಾರಗಳನ್ನು ನೀವು ಎಂದಾದರೂ ನೋಡಿದ್ದೀರಾ? ಬಹುಪಾಲು ನಾಲ್ಕು ಕಡೆಯೂ ತಗಡು, ಮೇಲೂ ತಗಡು. ಆ ಗೋಡೆಯಲ್ಲಿ ಬಿಸಿಲಿಗೆ ನಾಲ್ಕು ಗಂಟೆಯ ತಡವೂ ಇಲ್ಲ, ನಾಲ್ಕು ನಿಮಿಷದ ತಡವೂ ಇಲ್ಲ. ಮಧ್ಯಾಹ್ನ ಅದರೊಳಗೆ ಮಲಗಿಸಿದ ಹಸುಗೂಸಿನ ಸ್ಥಿತಿಯನ್ನು ನೆನೆದರೆ ನಾನು ಗಾರೆಯ ವಿಷಯಕ್ಕೆ ಇಷ್ಟು ಉದ್ದ ಬರೆದದ್ದಕ್ಕೆ ನಾಚಿಕೆಯಾಗುತ್ತದೆ. ಅವರಿಗೆ ಹೊರಮೈಯ ಆಯ್ಕೆಯೆಂಬುದೇ ಇಲ್ಲ.

ಹಳೆಯ ಕಟ್ಟಡದ ಮೈಮುಚ್ಚಲು ಅಂಗಡಿ ಬೀದಿಗಳಲ್ಲಿ ಅಲ್ಯೂಮಿನಿಯಂ ಹಲಗೆಗಳನ್ನು ಹೊಡೆಸುವುದು ಈಗ ವಾಡಿಕೆಯಾಗಿದೆ. ಎರಡು ತೆಳು ಅಲ್ಯೂಮಿನಿಯಂ ಹಾಳೆ, ನಡುವೆ ಬೇರೆ ವಸ್ತುವಿನ ತಿರುಳು. ಆ ತಿರುಳು ಯಾವುದೆಂದು ಕೇಳಿ ಕೊಳ್ಳುವವರು ಕಡಮೆ. ಅದನ್ನು ಕೇಳಬೇಕೆಂಬುದನ್ನು ಲಂಡನ್ ನಗರ ಬಹು ದೊಡ್ಡ ಬೆಲೆ ತೆತ್ತು ಕಲಿಯಿತು. ಅಲ್ಲಿ ಗ್ರೆನ್‌ಫೆಲ್ ಗೋಪುರವೆಂಬ 24 ಅಂತಸ್ತಿನ ವಸತಿಗೃಹವೊಂದಿತ್ತು. 1970ರ ದಶಕದಲ್ಲಿ ಕಟ್ಟಿದ ಕಾಂಕ್ರೀಟಿನ ಕಟ್ಟಡ. ಒಂದು ಮನೆಯಲ್ಲಿ ಬೆಂಕಿ ಬಿದ್ದರೆ ಆ ಮನೆಯ ಗೋಡೆಗಳೇ ಅದನ್ನು ತಡೆದು ನಿಲ್ಲಿಸುವಂತೆ ಅದನ್ನು ಯೋಜಿಸಿದ್ದರು. 2016ರಲ್ಲಿ ಮುಗಿದ ನವೀಕರಣದಲ್ಲಿ ಅದರ ಹೊರಮೈಗೆ ಹೊಸ ಹೊದಿಕೆ ಹಾಕಿದರು. ಕಟ್ಟಡ ಬೆಚ್ಚಗಿರಲಿ, ನೋಟವೂ ಸುಧಾರಿಸಲಿ ಎಂಬುದು ಉದ್ದೇಶ. ಆ ಅಲ್ಯೂಮಿನಿಯಂ ಹಲಗೆಗಳ ತಿರುಳು ಪಾಲಿಥೀನ್. 2017ರ ಜೂನ್ 14ರ ನಡುರಾತ್ರಿ ಕಳೆದ ಮೇಲೆ ನಾಲ್ಕನೆಯ ಅಂತಸ್ತಿನ ಒಂದು ಅಡುಗೆಮನೆಯಲ್ಲಿ ಬೆಂಕಿ ಹೊತ್ತಿತು. ಅದು ಕಿಟಕಿಯ ಬಳಿ ಹೊರಕ್ಕೆ ಬಂದು ಹೊದಿಕೆಗೆ ಹತ್ತಿತು. ಅರ್ಧ ಗಂಟೆಯ ಆಸುಪಾಸಿನಲ್ಲಿ ತುದಿಯನ್ನು ಮುಟ್ಟಿತು. ಹೊರಗಿನಿಂದ ಒಂದೊಂದೇ ಕಿಟಕಿಯ ಮೂಲಕ ಮನೆಗಳ ಒಳಹೊಕ್ಕಿತು. 72 ಮಂದಿ ಸತ್ತರು. ಆ ವಿಪತ್ತಿನ ವಿಚಾರಣಾ ಸಮಿತಿ ಬೆಂಕಿ ಹಬ್ಬಲು ಮುಖ್ಯ ಕಾರಣ ಆ ಹೊದಿಕೆಯೆಂದೇ ಹೇಳಿತು. ಒಳಗೋಡೆಗಳೆಲ್ಲ ತಮ್ಮ ಕೆಲಸವನ್ನು ಮಾಡಲು ಸಿದ್ಧವಾಗಿದ್ದುವು. ಅವುಗಳ ಸುತ್ತ ಹೊರಮೈ ಬೆಂಕಿಗೆ ಏಣಿಯಾಯಿತು.

ಹಾಗಾದರೆ ಏನು ಮಾಡಬೇಕೆಂದು ನೀವು ಕೇಳಬಹುದು. ಮಾಡಿ ತೋರಿಸಿದವರು ನಮ್ಮಲ್ಲೇ ಇದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಗ್ರಾಮಗಳ ಉಪಯೋಗಕ್ಕಾಗಿ 'ಅಸ್ತ್ರ' ಎಂಬ ವಿಭಾಗವನ್ನು ಆರಂಭಿಸಿದರು. ಅಲ್ಲಿ ಕೆ.ಎಸ್. ಜಗದೀಶ್ ಮತ್ತು ಅವರ ಸಂಗಡಿಗರು, ಮಣ್ಣಿಗೆ ಸ್ವಲ್ಪವೇ ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿ ತೆಗೆಯುವ ಮಣ್ಣಿನ ಇಟ್ಟಿಗೆಯನ್ನು ರೂಢಿಗೆ ತಂದರು. ಅದನ್ನು ಸುಡಬೇಕಾಗಿಲ್ಲ. ಸೂರನ್ನು ಚಾಚಿ ಮಳೆಯಿಂದ ಕಾಪಾಡಿದರೆ ಹೊರಗೆ ಗಾರೆಯನ್ನೂ ಮೆತ್ತಬೇಕಾಗಿಲ್ಲ. ಕೇರಳದಲ್ಲಿ ನೆಲೆಸಿದ್ದ ಲಾರಿ ಬೇಕರ್ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ನಡುವೆ ಪೊಳ್ಳು ಬಿಟ್ಟು ಕಟ್ಟುವ ಗೋಡೆಯನ್ನು ಪ್ರಚಾರಕ್ಕೆ ತಂದರು. ಇಟ್ಟಿಗೆಯಲ್ಲಿ ಸುಮಾರು ಕಾಲುಭಾಗ ಉಳಿತಾಯ. ಪೊಳ್ಳಿನಲ್ಲಿ ನಿಂತ ಗಾಳಿ ಶಾಖಕ್ಕೆ ತಡೆ. ನಮ್ಮ ತಟ್ಟಿಯ ಸಂದು ಅಲ್ಲಿ ಗೋಡೆಯ ಹೊಟ್ಟೆಯನ್ನೇ ಸೇರಿತು ಎನ್ನೋಣ. 2018ರಲ್ಲಿ ಕೇಂದ್ರ ಸರ್ಕಾರ ವಾಸದ ಮನೆಗಳಿಗಾಗಿ 'ಇಕೋ ನಿವಾಸ್ ಸಂಹಿತಾ' ಎಂಬ ನಿಯಮಾವಳಿಯನ್ನು ಹೊರತಂದಿತು. ಹೊರಗೋಡೆ, ಕಿಟಕಿ, ಮಾಡುಗಳ ಮೂಲಕ ಮನೆಯೊಳಗೆ ಎಷ್ಟು ಶಾಖ ಬರಬಹುದು ಎಂಬುದಕ್ಕೆ ಅದರಲ್ಲಿ ಮಿತಿಯನ್ನು ಹೇಳಿದೆ. ಇಂಥದೊಂದು ಸಂಹಿತೆ ಇದೆಯೆಂದು ಮನೆ ಕಟ್ಟಿಸುವವರಲ್ಲಿ ಎಷ್ಟು ಮಂದಿ ಕೇಳಿದ್ದಾರೆ? ಎಲಿವೇಷನ್ನಿನ ಚಿತ್ರಪಟವನ್ನು ಮಾತ್ರ ಎಲ್ಲರೂ ಕೇಳಿ ಪಡೆಯುತ್ತಾರೆ. ನನ್ನನ್ನು ಕೇಳಿದರೆ, ಮುಂಭಾಗದ ಅಲಂಕಾರಕ್ಕೆ ತೆಗೆದಿಟ್ಟ ಹಣವನ್ನು ಮೊದಲು ಪಡುವಣ ದಿಕ್ಕಿಗೆ ಖರ್ಚು ಮಾಡಿ ಎನ್ನುತ್ತೇನೆ. ಅಲ್ಲಿ ಸೂರು ಇನ್ನೊಂದೆರಡು ಅಡಿ ಮುಂದೆ ಬರಲಿ, ಬಣ್ಣ ತಿಳಿಯಾಗಿರಲಿ, ಜಾಗವಿದ್ದರೆ ಒಂದು ಹೊಂಗೆಯ ಮರವಿರಲಿ. ಇಷ್ಟಾಗಿ ಉಳಿದರೆ ಬೀದಿಯವರಿಗೂ ಏನಾದರೂ ತೋರಿಸೋಣ.

ಹೇಳುವುದು ಸುಲಭ. ಈಗ ನಾವು ಶಿವಮೊಗ್ಗದಲ್ಲಿ ಇಟ್ಟಿಗೆಯ ಮನೆಯೊಂದರಲ್ಲಿ ಇದ್ದೇವೆ. ಅದರ ಮುಖ ಪಡುವಣಕ್ಕೇ ಇದೆ. ಬೀದಿಯ ಎದುರು ಮನೆಗೆ ಹೋದ ವರ್ಷ ಕಪ್ಪು ಕಲ್ಲಿನ ಬಿಲ್ಲೆಗಳನ್ನು ಅಂಟಿಸಿದರು. ಅಂದಿನಿಂದ ನನ್ನ ಮಗನಿಗೂ ನಮ್ಮ ಬಿಳಿಯ ಗೋಡೆ ಸಪ್ಪೆಯಾಗಿ ಕಾಣುತ್ತಿದೆ. "ಅಪ್ಪ, ನಿಮ್ಮ ಕಾಲ ಬೇರೆ" ಎನ್ನುತ್ತಾನೆ. ನಾನೂ ಒಂದು ಕಾಲದಲ್ಲಿ ಆ ಮಾತನ್ನು ಬೇರೊಬ್ಬರಿಗೆ ಹೇಳಿದವನಾದ್ದರಿಂದ ಉತ್ತರ ಕೊಡದೆ ಸುಮ್ಮನಿದ್ದೇನೆ. ಅಂಗಡಿಯವರು ಮಾದರಿಗೆಂದು ಕೊಟ್ಟ ಒಂದು ಬಿಲ್ಲೆಯನ್ನು ಅವನು ಕಾಂಪೌಂಡಿನ ಗೋಡೆಯ ಮೇಲೆ ಇಟ್ಟಿದ್ದಾನೆ, ಬಿಸಿಲಿನಲ್ಲಿ ಅದು ಹೇಗೆ ಕಾಣುತ್ತದೆಂದು ನೋಡಲು. ಒಂಬತ್ತನೆಯ ತರಗತಿಯಲ್ಲಿರುವ ನನ್ನ ಮೊಮ್ಮಗ ಶಾಲೆಯಿಂದ ಬಂದ ಕೂಡಲೆ ಆ ಬಿಲ್ಲೆಯನ್ನು ಒಮ್ಮೆ, ಬಿಳಿಯ ಗೋಡೆಯನ್ನು ಒಮ್ಮೆ ಮುಟ್ಟಿ ನೋಡಿ ಒಳಗೆ ಬರುತ್ತಾನೆ. ತಂದೆಗೆ ಏನೂ ಹೇಳುವುದಿಲ್ಲ. ಪ್ರತಿ ಮಧ್ಯಾಹ್ನ ಆ ಕಾಂಪೌಂಡಿನ ಮೇಲೆ ಮೈಚಾಚಿ ಮಲಗುವ ನಮ್ಮ ಬೆಕ್ಕು ಮಾತ್ರ ಈಗ ಆ ಬಿಲ್ಲೆಯ ಬಳಿಗೆ ಬಂದಾಗ ಒಂದು ಕ್ಷಣ ನಿಂತು, ಅದನ್ನು ದಾಟಿಕೊಂಡು ಆಚೆಗೆ ಹೋಗಿ ಮಲಗುತ್ತದೆ.